ವೀಲ್ ಕಥೆ, ಭಾಗ 3: ಕಾಲೇ ಇಟ್ಟಿಲ್ಲ, ಲಾರಿ ಹೊರಟೇಬಿಡ್ತು

ಹೋದ ಭಾಗದ ಕೆಳಗೆ ಎಲ್ರೂ ಕೇಳಿದ್ದು ಒಂದೇ: "ಸೆಕೆಂಡ್ ಹ್ಯಾಂಡ್ ವೀಲ್ ನಡೀತಿದ್ಯಾ ಗುರು?" ಹೇಳ್ತೀನಿ ಕೇಳಿ. ಮಾರಿದವರ ಮಾತು ಇಷ್ಟೇ: ಭಾನುವಾರ ಸಂಜೆಯೊಳಗೆ ತೊಂದರೆ ಕಂಡ್ರೆ ದುಡ್ಡು ವಾಪಸ್, ಬಿಚ್ಚಿದ್ರೆ ಇಲ್ಲ. 9,000 ರೂಪಾಯಿ. ರಜೆ ದಿನಗಳಲ್ಲಿ ಹಾರ್ಡ್‌ವೇರ್ ಅಂಗಡೀಲಿ ಬಿಲ್ ಬರೆದು ಕೂಡಿಸಿದ್ದು. ಕೈಲಿ ಒಂದೂವರೆ ದಿನ.

ಗೇಮ್ ಯೂರೋ ಟ್ರಕ್ ಸಿಮ್ಯುಲೇಟರ್ 2. 2012ರದ್ದು, ನನ್ನ ಹಳೇ ಕಂಪ್ಯೂಟರಲ್ಲೂ ಓಡುತ್ತೆ. ಶುರು ಮಾಡಿದ್ರೆ ಪೆಡಲ್ ಮೇಲೆ ಕಾಲೇ ಇಟ್ಟಿಲ್ಲ, ಲಾರಿ ಹೊರಟೇಬಿಡ್ತು! ಒತ್ತಿದ್ರೆ ನಿಧಾನ ಆಗುತ್ತೆ. ನಿಮಗೂ ಹೀಗಾದ್ರೆ ವೀಲ್ ಕೆಟ್ಟಿದೆ ಅಂದ್ಕೋಬೇಡಿ. ಎಷ್ಟೋ ಪೆಡಲ್‌ಗಳು ಒತ್ತದೇ ಇದ್ದಾಗಲೇ "ಪೂರ್ತಿ" ಅಂತ ಸಿಗ್ನಲ್ ಕಳಿಸ್ತವೆ. ಗೇಮ್ ಸೆಟ್ಟಿಂಗಲ್ಲಿ ಆ ಆಕ್ಸಿಸ್ ಇನ್ವರ್ಟ್ ಮಾಡಿ, ಮುಗೀತು.

ಆಮೇಲೆ ಇನ್ನೊಂದು ತಮಾಷೆ. ಆಕ್ಸಿಲರೇಟರ್, ಬ್ರೇಕ್ ಎರಡೂ ಒಟ್ಟಿಗೆ ಒತ್ತಿದ್ರೆ ಏನೂ ಆಗಲ್ಲ. ಬಿಕಾಂನವರಿಗೆ ಬೇಗ ಅರ್ಥ ಆಗುತ್ತೆ: ಎರಡು ಖಾತೆ ಬರೀಬೇಕಾದ ಕಡೆ ಒಂದೇ ಖಾತೆಗೆ ಡೆಬಿಟ್, ಕ್ರೆಡಿಟ್ ಹಾಕಿ ಬರೀ ಬ್ಯಾಲೆನ್ಸ್ ತೋರಿಸಿದ ಹಾಗೆ. ಇದಕ್ಕೆ ಕಂಬೈನ್ಡ್ ಪೆಡಲ್ಸ್ ಅಂತಾರೆ. ವೀಲ್ ಕಂಪನಿಯ ಸಾಫ್ಟ್‌ವೇರಲ್ಲಿ ಆ ಟಿಕ್ ತೆಗೀರಿ. ಅಲ್ಲೇ ಸ್ಟೇರಿಂಗ್ ತಿರುಗೋದು 900 ಡಿಗ್ರಿ ಇದ್ಯಾ ನೋಡಿ. ಆ ತುದಿಯಿಂದ ಈ ತುದಿಗೆ ಎರಡೂವರೆ ಸುತ್ತು. ಕಮ್ಮಿ ಇದ್ರೆ ಲಾರಿ ಸೈಕಲ್ ಥರ ವಾಲಾಡುತ್ತೆ.

ಗೇಮಲ್ಲೇ ತಡಕಾಡಬೇಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, "ಜಾಯ್ ಡಾಟ್ ಸಿಪಿಎಲ್" ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ. ನಿಮ್ಮ ವೀಲ್ ಆರಿಸಿ ಪ್ರಾಪರ್ಟೀಸ್‌ಗೆ ಹೋದ್ರೆ ಪ್ರತಿ ಪೆಡಲ್‌ಗೂ ಒಂದು ಪಟ್ಟಿ. ಅದು ಸುಳ್ಳು ಹೇಳಲ್ಲ.

ಭಾನುವಾರ ನಾಲ್ಕು ಗಂಟೆಗೆ ಅದೇ ಪಟ್ಟಿ ನನ್ನ ಹೊಟ್ಟೆ ತೊಳೆಸೋ ಹಾಗೆ ಮಾಡ್ತು. ಬ್ರೇಕ್ ನಿಧಾನಕ್ಕೆ ಒತ್ತಿದ್ರೆ ಪಟ್ಟಿ ಮೆಲ್ಲಗೆ ಏರೋದು ಬಿಟ್ಟು ಕಪ್ಪೆ ಥರ ಕುಪ್ಪಳಿಸ್ತಿದೆ. ಒಳಗಿನ ಪೊಟೆನ್ಶಿಯೋಮೀಟರಲ್ಲಿ ಧೂಳು ಕೂತ್ರೆ ಹೀಗಾಗುತ್ತೆ, ಕ್ಲೀನ್ ಮಾಡಬಹುದು. ಆದ್ರೆ ಬಿಚ್ಚಿದ್ರೆ ವಾಪಸ್ ಇಲ್ವಲ್ಲ! ಸವೆದೇ ಹೋಗಿದ್ರೆ?

ಅಪ್ಪ ಇಪ್ಪತ್ತು ವರ್ಷ ನಿಜವಾದ ಲಾರಿ ಓಡಿಸಿದವರು. ಎರಡು ಸಲ ಒತ್ತಿ ನೋಡಿ, "ಬಿಚ್ಚೋಕ್ ಮುಂಚೆ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳೋ. ಆಮೇಲ್ ಹೇಳಿದ್ರೆ ಯಾವನ್ ನಂಬ್ತಾನೆ?" ಅಂದ್ರು. ವಿಡಿಯೋ ಮಾಡಿ ಕಳಿಸಿದೆ. ಅರ್ಧ ಗಂಟೆ ಚೌಕಾಸಿ. 1,500 ವಾಪಸ್ ಬಂತು, ವೀಲ್ ನನ್ನ ಹತ್ರಾನೇ ಉಳೀತು.

ಎಲೆಕ್ಟ್ರಾನಿಕ್ಸ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಎಸ್.ಪಿ. ರೋಡಿಂದ ತರಿಸಿದೆ. ಬೈಕ್ ಚೈನಿಗೆ ಹೊಡೆಯೋ ಸ್ಪ್ರೇ ಅಲ್ಲ, ದಯವಿಟ್ಟು. ಕೇಬಲ್ ಎಲ್ಲಾ ಕಿತ್ತು, ಹೊಡೆದು, ಒಣಗಿಸಿ, ಪೆಡಲನ್ನ ಐವತ್ತು ಸಲ ಒತ್ತಿದ್ದಾಯ್ತು. ಈಗ ಪಟ್ಟಿ ನೀಟಾಗಿ ಏರುತ್ತೆ. ಅಪ್ಪನ ಸರ್ಟಿಫಿಕೇಟ್: "ಬ್ರೇಕ್ ಹಿಡೀತದೆ. ಕ್ಲಚ್ ಮಾತ್ರ ಆಟದ ಸಾಮಾನು."

ಭಾಗ 4ರಲ್ಲಿ ಸ್ಟೇರಿಂಗ್ ಜೊತೆ ಕುಣಿಯೋ ನಮ್ಮ ಮನೆ ಟೇಬಲ್. ಸೆಕೆಂಡ್ ಹ್ಯಾಂಡ್ ನೋಡ್ತಿರೋರು ಇದನ್ನ ಸೇವ್ ಮಾಡ್ಕೊಳ್ರಪ್ಪ.