ಹೇಗೆ ಕೂಡಿದೆ ಪುಟ್ಟಿ?

ಬೆರಳು ಮಡಚಿ ಲೆಕ್ಕ ಮಾಡುವ ಮಗುವನ್ನು ಕಂಡರೆ ನಮಗೆಲ್ಲ ಯಾಕೋ ಗಾಬರಿ. "ಇನ್ನೂ ಬೆರಳು ಎಣಿಸ್ತಾಳಾ?" ಅಂತ ನೆಂಟರು ಕೇಳಿದ ಮರುದಿನವೇ ಅಬ್ಯಾಕಸ್ ಕ್ಲಾಸಿಗೆ ಸೇರಿಸುವ ಮಾತು ಶುರುವಾಗುತ್ತದೆ.

ನನ್ನ ಅಕ್ಕನ ಮಗಳು ಬಂಟ್ವಾಳದಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾಳೆ, ಎರಡನೇ ಕ್ಲಾಸು. ಬೆರಳು ಎಣಿಸಬಾರದು ಅಂತ ಕ್ಲಾಸಿನಲ್ಲಿ ಹೇಳಿದ್ದಕ್ಕೆ ಡೆಸ್ಕಿನ ಕೆಳಗೆ ಕೈ ಇಟ್ಟು ಎಣಿಸಲು ಕಲಿತಿದ್ದಳು. ವರ್ಕ್ ಫ್ರಮ್ ಹೋಮ್ ಅಂತ ನಾನು ಎರಡು ತಿಂಗಳು ಊರಲ್ಲಿದ್ದಾಗ ಒಂದು ಸಂಜೆ "ಮಾಮ, ನಂಗೆ ಲೆಕ್ಕ ಬರುದಿಲ್ಲ" ಅಂದಳು. ಅಳುತ್ತಾ ಹೇಳಿದ್ದಲ್ಲ. ಹಾಗಲಕಾಯಿ ಸೇರುದಿಲ್ಲ ಅನ್ನುವಷ್ಟೇ ಸಲೀಸಾಗಿ ಹೇಳಿದಳು. ಏಳು ವರ್ಷಕ್ಕೇ ತೀರ್ಮಾನ ಮಾಡಿ ಮುಗಿಸಿದ್ದಾಳಲ್ಲ ಅಂತ ನನಗೆ ಹೆದರಿಕೆ ಆದದ್ದು ಅದಕ್ಕೇ.

8ಕ್ಕೆ 5 ಕೂಡು ಅಂದೆ. ಒಂದು, ಎರಡು ಅಂತ ಶುರು ಮಾಡಿ ಎಂಟರವರೆಗೆ ಬಂದು, ಮತ್ತೆ ಐದು ಎಣಿಸಿ 13 ಅಂದಳು. ಉತ್ತರ ಸರಿ. ಅಂದರೆ ಕೂಡುವುದು ಅಂದರೇನು ಅಂತ ಅವಳಿಗೆ ಗೊತ್ತುಂಟು. ದಾರಿ ಮಾತ್ರ ಉದ್ದ. ಎಣಿಸುತ್ತಾ ಎಷ್ಟಾಯಿತು, ಇನ್ನೆಷ್ಟು ಬಾಕಿ ಅಂತ ಎರಡೂ ನೆನಪಿಡಬೇಕು. 28ಕ್ಕೆ 35 ಕೂಡುವಾಗ ಮಧ್ಯೆ ಯಾರಾದರೂ ಕರೆದರೆ ಮುಗಿಯಿತು, ಮತ್ತೆ ಒಂದರಿಂದ.

ಬೇರೆ ದಾರಿ ಸಿಕ್ಕಿದ್ದು ನಮ್ಮ ಅಮ್ಮನ ಹತ್ತಿರ. ಅಮ್ಮ ಬೆಳ್ತಂಗಡಿ ಕಡೆಯವರು, ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ, ಆಮೇಲೆ ಬಹಳ ವರ್ಷ ಬೀಡಿ ಕಟ್ಟಿದವರು. ಒಂದು ಕಟ್ಟಿಗೆ 25 ಬೀಡಿ, ನಾಲ್ಕು ಕಟ್ಟಿಗೆ ನೂರು, ನಲವತ್ತು ಕಟ್ಟಿಗೆ ಸಾವಿರ. ಬ್ರಾಂಚಿಗೆ ಹೊರಡುವ ಮೊದಲೇ ಲೆಕ್ಕ ಬಾಯಲ್ಲಿ ತಯಾರಿರುತ್ತಿತ್ತು. 38ಕ್ಕೆ 27 ಕೂಡಿದ್ರೆ ಎಷ್ಟಮ್ಮ ಅಂತ ಕೇಳಿದೆ. "ಮೂವತ್ತೆಂಟಕ್ಕೆ ಎರಡು ಹಾಕಿದ್ರೆ ನಲವತ್ತು. ಮತ್ತೆ ಉಳಿದದ್ದು ಇಪ್ಪತ್ತೈದು. ಅರುವತ್ತೈದು. ಅದರಲ್ಲಿ ಎಂತ ಉಂಟು?" ಅಂದರು.

ಅದರಲ್ಲಿ ತುಂಬ ಉಂಟು. ಹತ್ತನ್ನು ತುಂಬಿಸಿ ಉಳಿದದ್ದನ್ನು ಮೇಲೆ ಇಡುವುದು, ಇಷ್ಟೇ ಉಪಾಯ. ನಮ್ಮ ಭಾಷೆಯೇ ಇದನ್ನು ಹೇಳಿಕೊಡುತ್ತದೆ ನೋಡಿ. ಹದಿಮೂರು ಅಂದರೆ ಹತ್ತು ಮತ್ತು ಮೂರು. ತುಳುವಿನ ಪತ್ತೊಂಜಿ ಅಂದರೆ ಹತ್ತು ಮತ್ತು ಒಂದು. ಇಲೆವೆನ್, ಟ್ವೆಲ್ವ್ ಅನ್ನುವಾಗ ಆ ಹತ್ತು ಮಗುವಿನ ಕಿವಿಗೆ ಬೀಳುವುದೇ ಇಲ್ಲ. ಥರ್ಟೀನ್, ಥರ್ಟಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೇಳಿಸುತ್ತವೆ. ಹಾಗಾಗಿ ಶಾಲೆ ಇಂಗ್ಲಿಷಿನದ್ದಾದರೂ ಮನೆಯ ಲೆಕ್ಕವನ್ನು ನಾವು ಕನ್ನಡದಲ್ಲೇ ಮಾಡಿದೆವು.

ದಿನಕ್ಕೆ ಹತ್ತೇ ನಿಮಿಷ, ಗಡಿಯಾರ ನೋಡದೆ. ಮೊದಲು ಚೆನ್ನೆಮಣೆಯ ಹತ್ತು ಮಂಜೊಟ್ಟಿ ಕಾಯಿ ತೆಗೆದು, ಕೆಲವನ್ನು ಗೆರಟೆಯ ಅಡಿಗೆ ಮುಚ್ಚಿಟ್ಟು, ಹೊರಗಿರುವುದನ್ನು ನೋಡಿ ಒಳಗೆಷ್ಟು ಅಂತ ಹೇಳುವ ಆಟ. ಹೊರಗೆ ಏಳಿದ್ದರೆ ಒಳಗೆ ಮೂರು. ಒಂದು ವಾರದಲ್ಲಿ ಹತ್ತರ ಜೋಡಿಗಳೆಲ್ಲ ಬಾಯಿಗೆ ಬಂದವು. ಆಮೇಲೆ, ಯಾವಾಗಲೂ ದೊಡ್ಡ ಸಂಖ್ಯೆಯಿಂದ ಶುರು: 3ಕ್ಕೆ 9 ಕೂಡು ಅಂದರೂ 9ರಿಂದಲೇ. ಮುಂದೆ 8ಕ್ಕೆ 5: ಎಂಟಕ್ಕೆ ಎರಡು ಕೊಟ್ಟರೆ ಹತ್ತು, ಉಳಿದದ್ದು ಮೂರು, ಹದಿಮೂರು.

ಎರಡಂಕಿಗೆ ಬಂದಾಗ ಇನ್ನೊಂದು ವಿಷಯ. ಪುಸ್ತಕದಲ್ಲಿ ನಾವು ಬಿಡಿ ಸ್ಥಾನದಿಂದ ಕೂಡುತ್ತಾ, ದಶಕ ತಲೆ ಮೇಲೆ ಬರೆದು ಹೋಗುತ್ತೇವೆ. ಮನಸ್ಸಿನಲ್ಲಿ ಕೂಡುವಾಗ ಹತ್ತುಗಳಿಂದ ಶುರು ಮಾಡುವುದು ಸುಲಭ. 28ಕ್ಕೆ 30 ಹಾಕಿದರೆ 58, ಎರಡು ಹಾಕಿದರೆ 60, ಉಳಿದ ಮೂರು ಸೇರಿ 63. ನೆನಪಿಡಬೇಕಾದ್ದು ಕಡಿಮೆ.

ಬೆರಳು ಬೇಡ ಅಂತ ಮಾತ್ರ ನಾನು ಒಮ್ಮೆಯೂ ಹೇಳಲಿಲ್ಲ. ಕೈಯಲ್ಲಿ ಹತ್ತು ಬೆರಳಿರುವುದು ಈ ಲೆಕ್ಕಕ್ಕೆ ಅನುಕೂಲವೇ. ಹತ್ತರ ಜೋಡಿಗಳು ಬಂದ ಮೇಲೆ ಕೈ ತಾನಾಗಿಯೇ ಸುಮ್ಮನಾಯಿತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ನಮ್ಮ ಸರಕಾರಿ ಶಾಲೆಗಳಿಗೆಲ್ಲ ಬಂದ ನಲಿಕಲಿಯಲ್ಲೂ ಮಕ್ಕಳು ಕಡ್ಡಿ, ಕಲ್ಲು, ಮಣಿ ಮುಟ್ಟಿಯೇ ಲೆಕ್ಕ ಕಲಿಯುವುದು. ಕೈಯಿಂದ ತಲೆಗೆ ಹೋಗಲು ಸ್ವಲ್ಪ ಸಮಯ ಬೇಕು, ಅಷ್ಟೇ.

ಪ್ರತಿ ಸಲ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಹೇಗೆ ಮಾಡಿದೆ?" ಆಫೀಸಿನಲ್ಲಿ ಕೋಡ್ ರಿವ್ಯೂ ಮಾಡುವಾಗಲೂ ಔಟ್‌ಪುಟ್ ಸರಿ ಬಂತು ಅಂತ ಬಿಡುವುದಿಲ್ಲ, ಹೇಗೆ ಬರೆದಿದ್ದಾರೆ ನೋಡುತ್ತೇವಲ್ಲ, ಹಾಗೆ. ಶುರುವಿನಲ್ಲಿ ಈ ಪ್ರಶ್ನೆ ಕೇಳಿದ ಕೂಡಲೇ ತಪ್ಪಾಯಿತೇನೋ ಅಂತ ಉತ್ತರವನ್ನೇ ಬದಲಿಸುತ್ತಿದ್ದಳು. ಸರಿ ಇದ್ದಾಗಲೂ ಕೇಳುತ್ತೇನೆ ಅಂತ ಗೊತ್ತಾದ ಮೇಲೆ ವಿವರಿಸಲು ಶುರು ಮಾಡಿದಳು. ಒಂದು ದಿನ 7ಕ್ಕೆ 8 ಕೇಳಿದೆ. ಹತ್ತು ಮಾಡುತ್ತಾಳೆ ಅಂತ ಕಾದರೆ, "ಏಳೂ ಏಳೂ ಹದಿನಾಲ್ಕು, ಮತ್ತೆ ಒಂದು ಜಾಸ್ತಿ" ಅಂದಳು. ಅದನ್ನು ನಾನು ಹೇಳಿಕೊಟ್ಟೇ ಇರಲಿಲ್ಲ. "ಅಜ್ಜಿ, ನೀವು ಹೇಗೆ ಮಾಡ್ತೀರಿ?" ಅಂತ ಅಮ್ಮನನ್ನೂ ಕೇಳಿದಳು. ನಿಮ್ಮ ತಲೆಯಲ್ಲಿ ಲೆಕ್ಕ ಹೇಗೆ ನಡೆಯುತ್ತದೆ ಅಂತ ಅಮ್ಮನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಕ್ಕಿಲ್ಲ. ಅಮ್ಮ ಅರ್ಧ ಗಂಟೆ ಬೀಡಿಯ ಲೆಕ್ಕ ಹೇಳಿದರು.

ಮಾರ್ಕು ಒಮ್ಮೆಲೇ ಏರಿಲ್ಲ. ಕಳೆದ ಟೆಸ್ಟಿನಲ್ಲೂ ಎರಡು ಲೆಕ್ಕ ಬಾಕಿ ಉಳಿದವು, ಟೈಮ್ ಸಾಲಲಿಲ್ಲವಂತೆ. ಅಬ್ಯಾಕಸ್ ಕ್ಲಾಸಿನ ಮಾತು ಅಕ್ಕನ ಬಾಯಲ್ಲಿ ಇನ್ನೂ ಉಂಟು. ಆದರೆ ಅವಳೀಗ ಅಂಗಡಿಗೆ ಹೋದಾಗ ಚಿಲ್ಲರೆಯ ಲೆಕ್ಕವನ್ನು ತಾನೇ ಹೇಳುತ್ತಾಳೆ, ತಪ್ಪಿದರೆ "ಇರು ಮಾಮ" ಅಂತ ಇನ್ನೊಂದು ದಾರಿ ಹುಡುಕುತ್ತಾಳೆ.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ಒಮ್ಮೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ. ಮೂಡುಬಿದಿರೆಯಿಂದ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಬರುವಾಗ, 27 ರೂಪಾಯಿಯ ಟಿಕೆಟಿಗೆ 50ರ ನೋಟು ಕೊಟ್ಟರೆ ಕಂಡಕ್ಟರ್ ಕಳೆಯುತ್ತಾ ಕೂರುವುದಿಲ್ಲ. ಮೂರು ರೂಪಾಯಿ ಕೊಟ್ಟು "ಮೂವತ್ತು" ಅನ್ನುತ್ತಾರೆ, ಇಪ್ಪತ್ತರ ನೋಟು ಕೊಟ್ಟು "ಐವತ್ತು" ಅನ್ನುತ್ತಾರೆ. ಅವರು ಹೇಗೆ ಮಾಡಿದ್ರು ಅಂತ ಮಗುವನ್ನು ಕೇಳಿ. ಉತ್ತರ ಬರುವವರೆಗೆ ಫೋನು ಕಿಸೆಯಲ್ಲಿರಲಿ.