ಕೊನೆಭಾಗಕ್ಕೆ ನೀರು

ಮಳೆ ಹಿಡಿದದ್ದು ದೇವದುರ್ಗ ಬಿಟ್ಟ ಮೇಲೆ. ಗಬ್ಬೂರು ದಾಟುವಷ್ಟರಲ್ಲಿ ವೈಪರ್ ಸೋತಿದೆ, ಎದುರಿನ ಲಾರಿ ಬರೀ ಎರಡು ಹಳದಿ ಕಲೆ. ನೀವು ನನ್ನ ಎಡಕ್ಕೆ ಕೂತಿದ್ದೀರಿ. ಮೊದಲ ಹನಿ ಹೆಗಲ ಮೇಲೆ ಬಿದ್ದಾಗ ಬೆವರಿರಬೇಕು ಅಂದುಕೊಳ್ಳುತ್ತೀರಿ. ಎರಡನೆಯದೂ ಅಲ್ಲೇ. ತಲೆ ಎತ್ತಿದರೆ ಮೇಲಿನ ರೆಕ್ಸಿನ್ನಿನಲ್ಲಿ ಅಂಗೈಯಗಲದ ಚಹಾ ಬಣ್ಣದ ಕಲೆ. ಹೊಲಿಗೆಯ ಗುಂಟ ನೀರು ಜಿನುಗಿ, ದುಂಡಗಾಗಿ, ಮುಂದಿನ ರೋಡ್ ಹಂಪಿಗೆ ಕಾಯುತ್ತಿದೆ. ಹಂಪು ಬರುತ್ತದೆ. ಹನಿ ಸೀದಾ ಕಾಲರಿನೊಳಗೆ.

1996ರ ಅಂಬಾಸಿಡರ್ ಇದು. ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು, ಇದಿನ್ನೂ ನಿಂತಿಲ್ಲ. ಹೋದ ವರ್ಷವೂ ಸೋರಿತ್ತು. ಆಗ ಒಬ್ಬರು ಮುಂದಿನ ಗಾಜಿನ ರಬ್ಬರಿನ ಸುತ್ತ ಸಿಲಿಕಾನ್ ಮೆತ್ತಿ ಐನೂರು ರೂಪಾಯಿ ತಗೊಂಡಿದ್ದರು.

ಮರುದಿನ ಬೆಳಿಗ್ಗೆ ರಾಯಚೂರು, ಗಂಜ್ ಕಡೆಯ ಒಂದು ಟಿಂಕರಿಂಗ್ ಶೆಡ್ಡು. ಹೊಟ್ಟೆಗೆ ಒಗ್ಗರಣಿ-ಮಿರ್ಚಿ ಬಿದ್ದಿದೆ. ನಿನ್ನೆ ಮಳೆ ಬಂದದ್ದೇ ಸುಳ್ಳು ಅನ್ನುವ ಹಾಗೆ ಬಿಸಿಲು. ಬಾನೆಟ್ ಮೇಲೆ ಕೈ ಇಟ್ಟು ನೋಡಿ, ಚುರ್ ಅನ್ನುತ್ತದೆ. ಉಸ್ತಾದರು ಗಾಜಿನ ಕಡೆ ನೋಡುವುದೂ ಇಲ್ಲ. ಬಾಗಿಲುಗಳ ಮೇಲೆ, ಛಾವಣಿಯ ಅಂಚಿಗೆ ಓಡುವ ಬೆರಳಗಲದ ತಗಡಿನ ಕಾಲುವೆಯಲ್ಲಿ ಉಗುರು ಎಳೆಯುತ್ತಾರೆ.

“ಕ್ಯಾರಿಯರ್ ಹಾಕಿಸಿದ್ರೇನ್ರಿ ಸಾಹೇಬ್ರ?”

ಹಾಕಿಸಿದ್ದೆವು. ಮಾನ್ವಿಯ ಮದುವೆಗೆ, ಅಂಬಾಮಠದ ಜಾತ್ರೆಗೆ, ಹಾಸಿಗೆ ಪಾತ್ರೆ ಹೇರಿಕೊಂಡು.

“ಅದು ಕಚ್ಚಿ ಹಿಡಿಯೋದು ಇಲ್ಲೇ. ಮ್ಯಾಲಿನ ತಗಡು, ಬಾಜೂಕಿನ ತಗಡು ಕೂಡೋದೂ ಇಲ್ಲೇ. ವೆಲ್ಡಿಂಗ್ ಚುಕ್ಕಿ ಚುಕ್ಕಿ ಇರ್ತದ. ಚುಕ್ಕಿ ನಡುವ ನೀರು ತಡಿಯೋದು ಬರೇ ಪೇಸ್ಟ್. ಒಣಗಿ ಸೀಳ್ಯಾದ ನೋಡ್ರಿ.”

ಬಗ್ಗಿ ನೋಡಿ. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ, ಅಷ್ಟೇ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಊರಿನಲ್ಲಿ ತಗಡು ಹಗಲು ಹಿಗ್ಗಿ ರಾತ್ರಿ ಕುಗ್ಗುತ್ತದೆ. ಮುದಿ ಪೇಸ್ಟು ಅದರ ಜೊತೆ ಹಿಗ್ಗಲಾರದೆ ಬಿರುಕು ಬಿಡುತ್ತದೆ. ಕೆಡಿಸುವುದು ಬಿಸಿಲು, ಬೈಸಿಕೊಳ್ಳುವುದು ಮಳೆ.

ಈಗ ನಿಮ್ಮ ಕೆಲಸ. ಅಂಚಿನ ರೆಕ್ಸಿನ್ ಬಿಚ್ಚಿ ಇಳಿಬಿಟ್ಟಿದ್ದಾರೆ. ಬ್ಯಾಟರಿ ಹಿಡಿದು ಒಳಗೆ ಕೂತಿದ್ದೀರಿ. ಹಳೆ ಧೂಳು, ತುಕ್ಕು, ಒದ್ದೆ ಗೋಣಿಚೀಲದ ವಾಸನೆ. ಹೊರಗೆ ಉಸ್ತಾದರು ಚೊಂಬಿನಿಂದ ಸಣ್ಣ ಧಾರೆ ಬಿಡುತ್ತಾರೆ, ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಜಾಗ. ಮೊದಲು ಗಾಜಿನ ರಬ್ಬರು: ಒಣ. ನನ್ನ ಐನೂರು ರೂಪಾಯಿ ಅಲ್ಲೇ ಹೋಯಿತು. ಬಾಗಿಲ ಬೀಡಿಂಗು: ಒಣ. ಆಮೇಲೆ ಕಾಲುವೆ. ಒಂದು ನಿಮಿಷ ಏನೂ ಇಲ್ಲ. ಹಿಂದಿನ ಬಾಗಿಲ ನೆತ್ತಿಯಲ್ಲಿ ಒಂದು ಮಿಣುಕು; ನೀರು ಕೆಳಗೆ ಬೀಳದೆ ತಗಡಿಗೆ ಅಂಟಿಕೊಂಡೇ ಮುಂದಕ್ಕೆ ಹರಿದು ಬಂದು, ನಿನ್ನೆ ನೀವು ಕೂತಿದ್ದ ಜಾಗದ ಮೇಲೆ ನಿಲ್ಲುತ್ತದೆ. ಹೊಕ್ಕಲ್ಲಿಂದ ಬಿದ್ದಲ್ಲಿಗೆ ಎರಡು ಮೊಳ.

ಮಾನ್ವಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದವರು ಅವರು. ಮೇಲೆ ಎಲ್ಲೋ ನೀರು ತಪ್ಪಿದರೆ ಒಣಗುವುದು ತಮ್ಮ ಗದ್ದೆ ಅಂತ ಗೊತ್ತು.

“ಸಿಲಿಕಾನ್ ಬಳದ್ರ ಆಗಲ್ಲೇನ್ರಿ?” ಅಂತ ಕೇಳಿದ್ದಕ್ಕೆ ಉಸ್ತಾದರ ಮುಖ ಹುಳ್ಳಗಾಗುತ್ತದೆ. ಸರಿಯಾಗಿಯೇ ಇದೆ: ಹುಳಿ ವಾಸನೆಯ ಆ ಅಗ್ಗದ ಸಿಲಿಕಾನ್ ಒಣಗುವಾಗ ಬಿಡುವುದು ವಿನೆಗರಿನ ಆಮ್ಲವನ್ನೇ. ಬರೀ ತಗಡಿಗೆ ಅದು ತಾಗಿದರೆ ತುಕ್ಕು. ಮೇಲೆ ಬಣ್ಣವೂ ಕೂಡುವುದಿಲ್ಲ.

ಮುರಿದ ಆಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಕೆರೆಯುತ್ತಾರೆ. ಹಳೆ ಪೇಸ್ಟು ಒಣ ಹುಣಸೆ ಸಿಪ್ಪೆಯ ಹಾಗೆ ಚಟ್ ಚಟ್ ಎಂದು ಏಳುತ್ತದೆ, ಕೆಳಗೆ ಕಾವಿ ಬಣ್ಣದ ತುಕ್ಕು. ತಂತಿ ಬ್ರಷ್ಷು, ಎಮರಿ ಕಾಗದ, ಥಿನ್ನರ್ ಬಟ್ಟೆ. ತಗಡು ಬೆಳ್ಳಗೆ ಹೊಳೆಯುವ ತನಕ ಬಿಡುವುದಿಲ್ಲ. ಆಮೇಲೆ ರೆಡ್ ಆಕ್ಸೈಡ್. ಅದು ಒಣಗುವವರೆಗೆ ಎರಡು ಚಹಾ. ಕೊನೆಗೆ ಟ್ಯೂಬಿನಿಂದ ಬೂದು ಬಣ್ಣದ ಹೊಸ ಸೀಲರು, ಅದರ ಮೇಲೆ ಅವರ ಕಿರುಬೆರಳು: ಹಿಂದಿನಿಂದ ಮುಂದಕ್ಕೆ ಒಂದೇ ಎಳೆತ, ನಡುವೆ ಉಸಿರೂ ಬಿಡದೆ. ತಳ ಮುಚ್ಚಿದೆ, ಕಾಲುವೆ ಮುಚ್ಚಿಲ್ಲ. ಯಾವಾಗಲೋ ಬಣ್ಣ ಹೊಡೆದವರು ಅದರ ಮುಂದಿನ ಬಾಯಿಯನ್ನೇ ಮುಚ್ಚಿದ್ದರು. ಅದನ್ನೂ ತಂತಿಯಿಂದ ಬಿಡಿಸುತ್ತಾರೆ.

“ನಾಳಿ ತನಾ ನೀರು ತಾಗಸಬ್ಯಾಡ್ರಿ. ಕ್ಯಾರಿಯರ್ ಮಾತಂತೂ ಬ್ಯಾಡ.”

ವಾರದ ಮೇಲೆ ಮಾನ್ವಿಗೆ ಹೊರಟಿದ್ದೇವೆ. ಕಲ್ಲೂರಿನ ಹತ್ತಿರ ಆರಿದ್ರಾ ಮಳೆ ಸಿಕ್ಕುತ್ತದೆ. ಛಾವಣಿ ತಮಟೆಯಾಗಿದೆ. ನೀವು ರೆಕ್ಸಿನ್ನಿನ ಹಳೆ ಕಲೆಯನ್ನೇ ನೋಡುತ್ತಿದ್ದೀರಿ, ನಾನು ನಿಮ್ಮ ಹೆಗಲನ್ನು. ಹಂಪು ಬಂತು. ಏನೂ ಇಲ್ಲ. ಇನ್ನೊಂದು. ಏನೂ ಇಲ್ಲ. ಧೈರ್ಯ ಬಂದು ನೀವು ಗಾಜು ನಾಲ್ಕು ಬೆರಳು ಇಳಿಸಿ, ಮೊಣಕೈ ಹೊರಗಿಡುತ್ತೀರಿ. ಕಾಲುವೆಯ ಮುಂದಿನ ಬಾಯಿಯಿಂದ ಒಂದು ಧಾರೆ ಸೀದಾ ಅದರ ಮೇಲೆ ಇಳಿಯುತ್ತದೆ.

“ಕೊನೆಭಾಗಕ್ಕ ನೀರು ಬಂತ್ರಿ,” ಅನ್ನುತ್ತೀರಿ, ಕೈ ಒರೆಸಿಕೊಳ್ಳುತ್ತ.