ಉರಿಯದ ಕಲ್ಲು

ಹೊಳಲ್ಕೆರೆಯ ಹತ್ತಿರದ ನಮ್ಮೂರ ಶಾಲೆಯಲ್ಲಿ ಮಣ್ಣು, ಗಿಡ, ಕಲ್ಲಿದ್ದಲು ಮೂರೂ ಒಂದೇ ವಾರದಲ್ಲಿ ಮುಗಿದುವು. ಹಿರಿಯೂರಿನ ಕರಿಮಣ್ಣನ್ನೂ ಹೊಸದುರ್ಗದ ಕೆಮ್ಮಣ್ಣನ್ನೂ ಮೇಷ್ಟರು ಗಾಜಿನ ಲೋಟಗಳಲ್ಲಿ ಕಲಕಿಟ್ಟರು. ಕೆಂಪಿನ ಮರಳು ಕೂಡಲೇ ತಳಸೇರಿತು; ಕರಿಯದು ಗಂಟೆ ಹೊಡೆದರೂ ತಿಳಿಯಾಗಲಿಲ್ಲ. ಮಾರನೆಯ ದಿನ ಕಲ್ಲಿದ್ದಲು: ಹೂತುಹೋದ ಕಾಡು ಕೋಟ್ಯಂತರ ವರ್ಷ ಕಾವು, ಒತ್ತಡಗಳಿಗೆ ಸಿಕ್ಕಿ ಕಪ್ಪಾಗುತ್ತದಂತೆ.

ಆ ಬೇಸಗೆಯಲ್ಲಿ ಅಪ್ಪ ಸಾಲ ಮಾಡಿ ಬಾವಿ ತೋಡಿಸುತ್ತಿದ್ದರು. ನೀರಿಗೆ ಬದಲು ಕಪ್ಪು ಕಲ್ಲು ಬಂತು. ನಾನು ಪಾಠ ಒಪ್ಪಿಸಿದೆ. ಒಂದು ಚೂರನ್ನು ಒಲೆಗೂ ಹಾಕಿದೆ. ಸೌದೆ ಬೂದಿಯಾಯಿತು, ಕಲ್ಲು ಕಲ್ಲಾಗಿಯೇ ಉಳಿಯಿತು. ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. “ಇನ್ನೊಂದು ಹಾಕಿ ನೋಡೋ ಮಗಾ” ಎಂದರು. ಬಾವಿ ಮತ್ತೂ ಹತ್ತು ಅಡಿ ಇಳಿಯಿತು. ಸಾಲವೂ ಬೆಳೆಯಿತು.

ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ. ಕನ್ನಡ ಎಂ.ಎ. ಮಾಡಿದವನಿಗೆ ಕಲ್ಲಿನ ವಿಚಾರ ಯಾರು ಹೇಳಬೇಕು? ಚಿತ್ರದುರ್ಗದ ಶಿಲಾಪಟ್ಟಿಗೆ ಸುಮಾರು 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ನೆಲದ ಮೇಲೆ ಗಿಡ ತಲೆಯೆತ್ತಿದ್ದು ಸುಮಾರು 50 ಕೋಟಿ ವರ್ಷಗಳಿಂದೀಚೆಗೆ. ಎಲೆಯೇ ಇಲ್ಲದ ಕಾಲದ ಕಲ್ಲಿನಲ್ಲಿ ಇದ್ದಲು ಎಲ್ಲಿಂದ ಬಂದೀತು!

1933ರ ಬಳಿಕ ವಾಣಿವಿಲಾಸ ಸಾಗರ ಮತ್ತೆ ಕೋಡಿಬಿದ್ದದ್ದು 2022ರಲ್ಲಿ. ಅದನ್ನು ನೋಡಲೆಂದು ಅಪ್ಪನನ್ನು ಕರೆದುಕೊಂಡು ಹೋದೆ. ಧುಮುಕುವ ನೀರಿನ ಮುಂದೆ ನಿಂತು ಈ ಲೆಕ್ಕವನ್ನೆಲ್ಲ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು.

“ಮೇಷ್ಟ್ರು ಆವಾಗ್ಲೇ ಹೇಳಿದ್ರೆ ಆ ಹತ್ತು ಅಡಿ ಉಳೀತಿತ್ತು” ಎಂದರು.